ನೊಂದವರನ್ನು ಕೇಳುವ ಬಗೆ: ಸೇವೆಯಲ್ಲಿರುವವರಿಗಾಗಿ ಒಂದು ಪಾಠ



ನಾಸಿಕದ ನಮ್ಮ ಧರ್ಮಾರ್ಥ ವಾಚನಾಲಯಕ್ಕೆ ರವಿವಾರ ಮುಂಜಾನೆ ಪತ್ರಿಕೆ ಓದುವವರಷ್ಟೇ ಬರುತ್ತಾರೆಂದು ತಿಳಿಯಬಾರದು. ಅರ್ಜಿ ಬರೆಯಿಸಿಕೊಳ್ಳಲು, ದವಾಖಾನೆಯ ಚೀಟಿ ಓದಿಸಿಕೊಳ್ಳಲು, ಬ್ಯಾಂಕಿನ ಕಾಗದ ತುಂಬಿಸಿಕೊಳ್ಳಲು ಬರುವವರೂ ಉಂಟು. ವಿಜಯಪುರ, ಕಲಬುರ್ಗಿ, ಯಾದಗಿರಿ ಕಡೆಗಳಿಂದ ದುಡಿಯಲು ಬಂದ ನಮ್ಮ ಜನಕ್ಕೆ ಮರಾಠಿ ಮಾತನಾಡಲು ಬಂದರೂ ಬರೆಯಲು ಬಾರದು. ಆ ಕೆಲಸವನ್ನು ನಾವು ಕೆಲವು ಸ್ವಯಂಸೇವಕರು ವಹಿಸಿಕೊಂಡಿದ್ದೇವೆ. ನಾವು ಗಿರಣಿಯಲ್ಲಿ ಕಾರಕೂನಿಕೆ ಮಾಡುವವರು. ಮ್ಯಾಟ್ರಿಕ್ಕಿನ ಆಚೆಗೆ ಓದಿದವರಲ್ಲ. ಆದರೂ ಈ ಸಲ ಒಂದು ವೈದ್ಯಕೀಯ ವಿಷಯವನ್ನು ಎತ್ತಿಕೊಂಡಿದ್ದೇವೆ. ಅದಕ್ಕೆ ಕಾರಣ ನಮ್ಮ ಕೈಯಿಂದಲೇ ಆದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುವುದು ಲೇಸು.

ಕೆಲವು ಕಾಲದ ಹಿಂದೆ ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು ವಾಚನಾಲಯಕ್ಕೆ ಬಂದಳು. ಕಟ್ಟಡದ ಕೆಲಸದಲ್ಲಿ ಆಕೆಯ ಗಂಡ ಮೇಲಿನಿಂದ ಬಿದ್ದು ತೀರಿಕೊಂಡು ಎರಡು ತಿಂಗಳು ಸಹ ಆಗಿರಲಿಲ್ಲ. ಪರಿಹಾರದ ಹಣಕ್ಕೆ ಅರ್ಜಿ ಬರೆಯಿಸಬೇಕಾಗಿತ್ತು. ನಾವು ಆಕೆಯನ್ನು ಮೇಜಿನ ಮುಂದೆ ನಿಲ್ಲಿಸಿಯೇ ಕೇಳತೊಡಗಿದೆವು. ಎಷ್ಟನೆಯ ಮಾಳಿಗೆ? ಪಟ್ಟಿ ಕಟ್ಟಿಕೊಂಡಿದ್ದನೋ ಇಲ್ಲವೋ? ಕುಡಿದಿದ್ದನೇ? ಆಗ ನೀನೆಲ್ಲಿದ್ದೆ? ಓದುತ್ತ ಕುಳಿತವರು ಪತ್ರಿಕೆ ಕೆಳಗಿಳಿಸಿ ನೋಡಿದರು. ನಮ್ಮಲ್ಲಿ ಒಬ್ಬರು ಬರೆದುಕೊಳ್ಳುವಷ್ಟರಲ್ಲಿ ಮತ್ತೊಬ್ಬರು ಬಂದು, "ಏನಾತವ್ವಾ, ಮೊದಲಿಂದ ಹೇಳು" ಎಂದರು. ಆಕೆ, "ಮತ್ತ ಹೇಳಬೇಕೇನ್ರೀ?" ಎಂದು ಕೇಳಿ ಸುಮ್ಮನಾದಳು. ಆ ಮೌನವನ್ನು ನಾವು ಹಟವೆಂದು ತಿಳಿದೆವು. "ಹೇಳದಿದ್ದರೆ ನಾವೇನು ಬರೆಯಬೇಕು?" ಎಂದೆವು. ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದವಳು ಮರಳಿ ಬರಲಿಲ್ಲ. ಮುಂದಿನ ರವಿವಾರವೂ ಬರಲಿಲ್ಲ. ಕೆಲಸದ ಜಾಗಕ್ಕೆ ಹೋಗಿ ವಿಚಾರಿಸಿದಾಗ ಊರಿಗೆ ಹೋದಳೆಂದು ತಿಳಿಯಿತು. ಯಾವ ಊರೆಂಬುದನ್ನು ನಾವು ಬರೆದುಕೊಂಡಿರಲಿಲ್ಲ. ಎಷ್ಟನೆಯ ಮಾಳಿಗೆಯೆಂಬುದನ್ನು ಮಾತ್ರ ಬರೆದುಕೊಂಡಿದ್ದೆವು.

ನಾವು ಆಕೆಗೆ ಕೆಡುಕು ಬಯಸಿದವರಲ್ಲ. ಒಳ್ಳೆಯದನ್ನು ಮಾಡಲೆಂದೇ ಕುಳಿತಿದ್ದೆವು. ಆದರೂ ಗಾಯದ ಮೇಲೆ ಬರೆ ಎಳೆದೆವು. ಒಳ್ಳೆಯ ಮನಸ್ಸೊಂದಿದ್ದರೆ ಸಾಲದು, ಕೇಳುವುದನ್ನೂ ಕಲಿಯಬೇಕು ಎಂಬುದೇ ಈ ಪಾಠದ ತಿರುಳು. ಅಂದಿನಿಂದ ನಾವು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಇಡುತ್ತೇವೆ.

ಮನಸ್ಸಿನ ಗಾಯ ಎಂದರೇನು?

ಇಂಗ್ಲಿಷಿನವರು ಇದಕ್ಕೆ 'ಟ್ರಾಮಾ' ಎನ್ನುತ್ತಾರೆ. ಮೂಲತಃ ಅದು ಗ್ರೀಕ್ ಶಬ್ದ. ಗಾಯವೆಂದೇ ಅದರ ಅರ್ಥ. ಮೈಗೆ ಗಾಯವಾಗುವಂತೆ ಮನಸ್ಸಿಗೂ ಗಾಯವಾಗುತ್ತದೆಂಬುದನ್ನು ವೈದ್ಯಲೋಕ ನಿಧಾನವಾಗಿ ಒಪ್ಪಿಕೊಂಡಿತು. 1980ರಲ್ಲಿ ಅಮೇರಿಕದ ಮನೋವೈದ್ಯರ ಸಂಘವು ತನ್ನ ರೋಗಪಟ್ಟಿಯಲ್ಲಿ, ಆಘಾತದ ನಂತರ ಉಳಿದುಬರುವ ಬೇನೆಗೆ ಒಂದು ಪ್ರತ್ಯೇಕ ಹೆಸರು ಕೊಟ್ಟು ಸೇರಿಸಿತು. ನಡೆದದ್ದು ಕನಸಿನಲ್ಲಿ ಮರಳಿ ಬರುವುದು, ಸಣ್ಣ ಸಪ್ಪಳಕ್ಕೂ ಬೆಚ್ಚುವುದು, ಆ ಜಾಗ, ಆ ಮಾತುಗಳನ್ನು ತಪ್ಪಿಸಿಕೊಂಡು ತಿರುಗುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಇವು ಅದರ ಲಕ್ಷಣಗಳು.

ಇದು ಹೇಗೆ ಆಗುತ್ತದೆ? ಅಪಾಯ ಕಂಡೊಡನೆ ಗಂಟೆ ಬಾರಿಸುವ ಒಂದು ವ್ಯವಸ್ಥೆ ನಮ್ಮ ಮಿದುಳಿನಲ್ಲಿದೆ. ಅದು ಬಾರಿಸಿದಾಗ ಎದೆ ಬಡಿತ ಏರುತ್ತದೆ, ಉಸಿರು ಬಿಗಿಯುತ್ತದೆ, ಕೈಕಾಲು ಸೆಟೆಯುತ್ತವೆ. ಒಬ್ಬನು ಓಡುತ್ತಾನೆ, ಒಬ್ಬನು ಎದುರು ಬೀಳುತ್ತಾನೆ, ಇನ್ನೊಬ್ಬನು ಕಲ್ಲಿನಂತೆ ನಿಂತುಬಿಡುತ್ತಾನೆ. ಅಪಾಯ ಹೋದ ಮೇಲೆ ಗಂಟೆ ನಿಲ್ಲಬೇಕು. ಗಾಯಗೊಂಡವರಲ್ಲಿ ಅದು ಸಣ್ಣ ನೆವಕ್ಕೂ ಮತ್ತೆ ಬಾರಿಸತೊಡಗುತ್ತದೆ. 2020ರ ಮೇ 8ರ ನಸುಕಿನಲ್ಲಿ, ಆಗ ಔರಂಗಾಬಾದವೆನಿಸಿದ್ದ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಕರ್ಮಾಡದ ಹತ್ತಿರ, ನಡೆದು ನಡೆದು ದಣಿದು ಹಳಿಗಳ ಮೇಲೆ ಮಲಗಿದ್ದ 16 ಜನ ಕೂಲಿಕಾರರು ಸರಕಿನ ಗಾಡಿಗೆ ಸಿಕ್ಕು ಸತ್ತದ್ದು ನಿಮ್ಮ ನೆನಪಿನಲ್ಲಿರಬಹುದು. ಅಂಥದನ್ನು ಕಣ್ಣಾರೆ ಕಂಡು ಉಳಿದವನಿಗೆ ಮುಂದೆ ಎಂದೋ ಒಂದು ದಿನ ಸ್ಟೇಶನ್ನಿನ ಸೀಟಿ ಕೇಳಿದರೂ ಸಾಕು. ಹಾವು ಕಡಿದವನು ಹಗ್ಗಕ್ಕೂ ಅಂಜುತ್ತಾನೆಂದು ನಮ್ಮ ಹಿರಿಯರು ಹೇಳುವುದು ಇದನ್ನೇ.

ಇಲ್ಲಿ ಕಾರಕೂನರಾದ ನಾವು ಮುಖ್ಯವಾಗಿ ಗಮನಿಸಬೇಕಾದ ಒಂದು ಮಾತಿದೆ. ನಾವು ತಾರೀಖು, ತಾಸು, ಕ್ರಮ ಹಿಡಿದು ಕೇಳುವವರು. ನೊಂದವರ ನೆನಪು ಅನೇಕ ವೇಳೆ ಹಾಗೆ ಕ್ರಮವಾಗಿ ಬರುವುದಿಲ್ಲ. ಒಂದು ವಾಸನೆ, ಒಂದು ಕೂಗು, ಬಾಗಿಲಿನ ಬಣ್ಣ ನಿಚ್ಚಳವಾಗಿ ನೆನಪಿರುತ್ತದೆ, ಹೊತ್ತೆಷ್ಟಾಗಿತ್ತೆಂಬುದು ನೆನಪಿರುವುದಿಲ್ಲ. ನಿನ್ನೆ ಹೇಳಿದ್ದಕ್ಕೂ ಇಂದು ಹೇಳಿದ್ದಕ್ಕೂ ಸ್ವಲ್ಪ ವ್ಯತ್ಯಾಸ ಬಂತೆಂದು ನಾವು ಸುಳ್ಳೆಂದು ಗುರುತು ಹಾಕಿಬಿಡುತ್ತೇವೆ. ಅದು ಸುಳ್ಳಾಗಿರಲೇಬೇಕೆಂದಿಲ್ಲ.

ಗಾಯ ಹಳೆಯದಾಯಿತೆಂದು ಮಾಯಿತೆಂದೂ ಅಲ್ಲ. ಅಮೇರಿಕದ ಫೆಲಿಟ್ಟಿ ಹಾಗೂ ಆಂಡಾ ಎಂಬ ವೈದ್ಯರು ತಮ್ಮ ಸಂಗಡಿಗರೊಂದಿಗೆ 1998ರಲ್ಲಿ ಪ್ರಕಟಿಸಿದ ಸಂಶೋಧನೆ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. 9,508 ಜನ ವಯಸ್ಕರನ್ನು ಬಾಲ್ಯದಲ್ಲಿ ಉಂಡ ಕಷ್ಟಗಳ ಬಗ್ಗೆ ಕೇಳಿದರು. ಹೊಡೆತ, ಅವಮಾನ, ಲೈಂಗಿಕ ಪೀಡೆ, ತಾಯಿಯ ಮೇಲಿನ ದೌರ್ಜನ್ಯ, ಮನೆಯಲ್ಲಿ ಕುಡಿತ ಮೊದಲಾದ ಏಳು ಬಗೆಗಳಲ್ಲಿ ನಾಲ್ಕು ಅಥವಾ ಹೆಚ್ಚಿನವನ್ನು ಉಂಡವರಲ್ಲಿ, ಏನನ್ನೂ ಉಣ್ಣದವರಿಗಿಂತ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು.

ನಮ್ಮ ದೇಶದ ಲೆಕ್ಕವನ್ನೂ ನೋಡೋಣ. 2019ರಿಂದ 2021ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ ಹೆಂಗಸರಲ್ಲಿ ಶೇಕಡಾ 29.3 ಮಂದಿ ಗಂಡನಿಂದ ದೌರ್ಜನ್ಯ ಕಂಡವರು. ಕರ್ನಾಟಕದಲ್ಲಿ ಇದು ಶೇಕಡಾ 44.4. ನಾಡಿನ ಹೆಸರು ಹೇಳುವಾಗ ಎದೆ ಉಬ್ಬಿಸುವ ನಾವು ಈ ಅಂಕೆಯನ್ನೂ ನೆನಪಿಡಬೇಕು. ಅದೇ ಸಮೀಕ್ಷೆಯ ಇನ್ನೊಂದು ಅಂಕೆ ಇನ್ನೂ ಭಾರವಾದದ್ದು. ದೇಶದಲ್ಲಿ ಹೊಡೆತ ಅಥವಾ ಲೈಂಗಿಕ ಪೀಡೆ ಅನುಭವಿಸಿದ ಹೆಂಗಸರಲ್ಲಿ ಶೇಕಡಾ 77 ಮಂದಿ ಯಾರ ನೆರವನ್ನೂ ಕೇಳಲಿಲ್ಲ, ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಈ ಮೌನ ನಮಗೆ ಹೊಸದಲ್ಲ. ಕಲಬುರ್ಗಿಯೂ ಔರಂಗಾಬಾದವೂ 1956ರ ವರೆಗೆ ಒಂದೇ ಹೈದರಾಬಾದ ರಾಜ್ಯದಲ್ಲಿದ್ದವು. 1948ರ ಭಯದ ದಿನಗಳನ್ನು ಎರಡೂ ಕಡೆಯ ಜನ ಕಂಡರು. ಆ ಕಾಲದ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಮಂದಿ ಅದನ್ನು ಮಕ್ಕಳ ಮುಂದೆ ಸಹ ಹೇಳದೆ ತೀರಿಹೋದರು. ಹೇಳದಿರುವುದು ಮರೆತದ್ದರ ಗುರುತಲ್ಲ.

ಸೇವಕರಿಗೆ ಕಲಿಸುವುದು ಏನನ್ನು?

ಹಾಗಾದರೆ ನಾವೆಲ್ಲ ಮನೋವೈದ್ಯರಾಗಬೇಕೇ? ಇಲ್ಲ. ಗಾಯವನ್ನು ವಾಸಿ ಮಾಡುವುದು ಬೇರೆ, ಗಾಯವನ್ನು ಅರಿತು ನಡೆದುಕೊಳ್ಳುವುದು ಬೇರೆ. ಮೊದಲನೆಯದು ವೈದ್ಯರ ಕೆಲಸ. ಎರಡನೆಯದು ಬಾಗಿಲು ಕಾಯುವವನಿಂದ ಹಿಡಿದು ಡಾಕ್ಟರರ ತನಕ ಎಲ್ಲರ ಕೆಲಸ. ಅಮೇರಿಕದ ಸರಕಾರದ ಆರೋಗ್ಯ ಸಂಸ್ಥೆಯೊಂದು 2014ರಲ್ಲಿ ಇದನ್ನು ನಾಲ್ಕು ಮಾತುಗಳಲ್ಲಿ ಹೇಳಿತು: ಇಂಥ ಗಾಯಗಳು ಎಲ್ಲೆಡೆಯೂ ಇವೆಯೆಂದು ಅರಿಯುವುದು, ಗುರುತುಗಳನ್ನು ಕಾಣುವುದು, ಆ ಅರಿವಿಗೆ ತಕ್ಕಂತೆ ನಮ್ಮ ಪದ್ಧತಿಗಳನ್ನು ಬದಲಿಸುವುದು, ಮತ್ತೆ ಗಾಯ ಮಾಡದಿರುವುದು. ಈ ನಾಲ್ಕನೆಯದರಲ್ಲಿಯೇ ನಾವು ಎಡವಿದ್ದು.

ಹಲವರಿಗೆ ಒಂದು ತಪ್ಪು ತಿಳುವಳಿಕೆ ಇದೆ. "ಎಲ್ಲವನ್ನೂ ಹೇಳಿ ಅತ್ತುಬಿಟ್ಟರೆ ಹಗುರಾಗುತ್ತದೆ" ಎಂದು ಒತ್ತಾಯ ಮಾಡಿ ಹೇಳಿಸುತ್ತೇವೆ. ತಾನಾಗಿ ಹೇಳುವವರಿಗೆ ಕಿವಿಯಾಗುವುದು ಒಳ್ಳೆಯದು, ಸಂಶಯವಿಲ್ಲ. ಆದರೆ ಆಘಾತವಾದ ಹೊಸತರಲ್ಲಿಯೇ ಎಲ್ಲವನ್ನೂ ಒಂದೇ ಬಾರಿಗೆ ಬಿಡಿಸಿ ಹೇಳಿಸುವ ಪದ್ಧತಿಯನ್ನು ಮಾಡಬೇಡಿರೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬದಲಿಗೆ ಅದು 2011ರಲ್ಲಿ ಹೊರಡಿಸಿದ ಪ್ರಥಮ ಚಿಕಿತ್ಸೆಯ ಕೈಪಿಡಿಯಲ್ಲಿ ಮೂರು ಮಾತುಗಳಿವೆ: ನೋಡು, ಕೇಳು, ಕೂಡಿಸು. ಯಾರಿಗೆ ಏನು ಬೇಕಾಗಿದೆ ನೋಡು, ಹೇಳಿದಷ್ಟನ್ನು ಕೇಳು, ನೆರವು ಸಿಗುವಲ್ಲಿಗೆ ಕೂಡಿಸು. ಕಟ್ಟು ಹಾಕಿದ ಗಾಯವನ್ನು ಬಂದ ಬಂದವರೆಲ್ಲ ಬಿಚ್ಚಿ ನೋಡಿದರೆ ಅದು ಮಾಯುವುದೆಂತು?

ಈ ವಿದ್ಯೆ ನಮ್ಮ ನೆಲದಲ್ಲಿ

ಇದು ಹೊರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಸಾಮಾನ್ಯ ಸೇವಕರಿಗೆ ಮನಸ್ಸಿನ ಬೇನೆಯ ಗುರುತು ಕಲಿಸುವ ಕೆಲಸದಲ್ಲಿ ಕನ್ನಡ ನಾಡು ಮುಂದಾಳಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಆ ಬಳ್ಳಾರಿಯ ಮಾದರಿಯ ಮೇಲೆಯೇ 1996ರಲ್ಲಿ ಭಾರತ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. 1984ರ ಡಿಸೆಂಬರ 2ರ ರಾತ್ರಿ ಭೋಪಾಳದಲ್ಲಿ ವಿಷಗಾಳಿ ಸೋರಿದ ನಂತರ, ಅಲ್ಲಿನ ಚಿಕಿತ್ಸಾಲಯಗಳ ಸಾಮಾನ್ಯ ವೈದ್ಯರಿಗೆ ನೊಂದವರ ಮನಸ್ಸನ್ನು ನೋಡಿಕೊಳ್ಳುವುದನ್ನು ಕಲಿಸಿದವರಲ್ಲಿ ನಿಮ್ಹಾನ್ಸಿನ ಡಾ. ಆರ್. ಶ್ರೀನಿವಾಸಮೂರ್ತಿಯವರು ಪ್ರಮುಖರು.

ಮಹಾರಾಷ್ಟ್ರದಲ್ಲಿ ಇದರ ಇನ್ನೊಂದು ಕವಲು ಬೆಳೆಯಿತು. 2000ರಲ್ಲಿ ಮುಂಬಯಿಯ ಬಾಂದ್ರಾದಲ್ಲಿರುವ ನಗರಪಾಲಿಕೆಯ ಭಾಭಾ ದವಾಖಾನೆಯಲ್ಲಿ 'ದಿಲಾಸಾ' ಎಂಬ ಕೇಂದ್ರವನ್ನು ನಗರಪಾಲಿಕೆ ಹಾಗೂ 'ಸೆಹತ್' ಎಂಬ ಸಂಸ್ಥೆ ಕೂಡಿ ಸ್ಥಾಪಿಸಿದವು. ದಿಲಾಸಾ ಎಂದರೆ ಧೈರ್ಯದ ಮಾತು, ಭರವಸೆ. ಮನೆಯಲ್ಲಿ ಏಟು ತಿಂದ ಹೆಂಗಸು ಪೋಲೀಸ ಠಾಣೆಗೆ ಹೋಗದಿದ್ದರೂ ಒಂದಲ್ಲ ಒಂದು ದಿನ ದವಾಖಾನೆಗೆ ಬರುತ್ತಾಳೆ. ಆದುದರಿಂದ ನೆರವು ಅಲ್ಲಿಯೇ ಸಿಗಬೇಕು ಎಂಬುದು ಅದರ ಹಿಂದಿನ ವಿಚಾರ. ಅದೇ ದವಾಖಾನೆಯ ವೈದ್ಯರನ್ನೂ ದಾದಿಯರನ್ನೂ ತರಬೇತುಗೊಳಿಸಿ ಅವರಿಂದಲೇ ಉಳಿದವರಿಗೆ ಪಾಠ ಹೇಳಿಸಿದ್ದು ಇಲ್ಲಿನ ಹೆಚ್ಚುಗಾರಿಕೆ.

ಮುಂದೆ 2010ರ ದಶಕದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಸೆಹತ್ ಕೂಡಿ ಮುಂಬಯಿಯ ಹೊರಗೆ, ಔರಂಗಾಬಾದದ ಸರಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆಯಲ್ಲಿಯೂ ಮೀರಜ ಮತ್ತು ಸಾಂಗ್ಲಿಯ ಸರಕಾರಿ ದವಾಖಾನೆಗಳಲ್ಲಿಯೂ ಈ ತರಬೇತಿಯನ್ನು ನಡೆಸಿದವು. ಔರಂಗಾಬಾದದ ಕಾಲೇಜು 1956ರಲ್ಲಿ ಹುಟ್ಟಿದ್ದು; ಮರಾಠವಾಡದ ಬಡವರಿಗೆಲ್ಲ ಅದು 'ಘಾಟಿ' ಎಂದೇ ಪರಿಚಿತ. ಮೀರಜ ಸಾಂಗ್ಲಿಗಳ ದವಾಖಾನೆಗಳಿಗೋ ಗಡಿಯ ಕನ್ನಡಿಗರು ದಿನಬೆಳಗಾದರೆ ಹೋಗುತ್ತಾರೆ. ಹೀಗಾಗಿ ಈ ಪಾಠಗಳು ನಡೆದದ್ದು ನಮ್ಮವರೂ ಸಾಲಿನಲ್ಲಿ ನಿಲ್ಲುವ ಬಾಗಿಲುಗಳಲ್ಲಿಯೇ.

ತರಬೇತಿಯ ನಂತರ ಸೇವಕರ ತಿಳುವಳಿಕೆಯೂ ಮನೋಭಾವವೂ ಸುಧಾರಿಸಿದ್ದು ಕಂಡುಬಂತು. ರೋಗಿಗಳ ನೂಕುನುಗ್ಗಲು, ಮರೆಯಲ್ಲಿ ಮಾತನಾಡಲು ಜಾಗವಿಲ್ಲದಿರುವುದು, ವೇಳೆ ಸಾಲದಿರುವುದು, ಈ ತೊಡಕುಗಳೂ ಕಂಡವು. ಕೇವಲ ಉಪದೇಶ ಸಾಲದು, ಒಂದು ಪರದೆ, ಒಂದು ಬೆಂಚು, ಒಂದು ದಾಖಲೆ ಪುಸ್ತಕ ಇವೂ ಬೇಕು ಎಂಬುದನ್ನು ನಾವು ಇದರಿಂದ ಕಲಿಯಬೇಕು.

ಐದು ಮೆಟ್ಟಿಲು

ವಿಶ್ವ ಆರೋಗ್ಯ ಸಂಸ್ಥೆಯ ತರಬೇತಿಯ ನಡುಗಂಬವೆಂದರೆ ಐದು ಮೆಟ್ಟಿಲುಗಳು. ಅವುಗಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು.

1. ಕಿವಿಗೊಡು. ಮೊದಲು ಕೂಡ್ರಿಸು. ಫೋನನ್ನೂ ಕಾಗದವನ್ನೂ ಬದಿಗಿಡು. ಮಾತು ನಿಂತರೆ ನೀನೂ ಸುಮ್ಮನಿರು. ಸುಮ್ಮನಿರುವುದೂ ಕೇಳುವುದರ ಒಂದು ಭಾಗ.

2. ಬೇಕಾದದ್ದನ್ನು ವಿಚಾರಿಸು. ನಡೆದದ್ದರ ವಿವರವನ್ನಲ್ಲ, ಈಗ ಬೇಕಾದದ್ದನ್ನು. "ಈಗ ನಿಮಗ ಏನು ಬೇಕಾಗೇದರಿ? ಯಾವುದರ ಚಿಂತಿ ಹೆಚ್ಚಾಗೇದರಿ?" ಎಂದರೆ ಸಾಕು. ನಾವು ಅಂದು ಇಷ್ಟನ್ನು ಕೇಳಿದ್ದರೆ, ಮಕ್ಕಳ ಊಟದ್ದೋ ಊರಿನ ದಾರಿಯದೋ ಮಾತು ಬಂದೀತು, ಊರಿನ ಹೆಸರೂ ಬಂದೀತು.

3. ನಂಬಿದ್ದೇವೆಂದು ತೋರಿಸು. "ಇದು ನಿಮ್ಮ ತಪ್ಪಲ್ಲ." "ಹೇಳಿದ್ದು ಒಳ್ಳೇದಾತು." ಇಂಥ ಎರಡು ಮಾತು. "ನೀನ್ಯಾಕ ಅಲ್ಲಿಗೆ ಹೋದಿ?" "ಇಷ್ಟು ದಿನ ಯಾಕ ಸುಮ್ಮನಿದ್ದಿ?" ಎಂಬ ಪ್ರಶ್ನೆಗಳು ವಿಚಾರಣೆಯಂತೆ ಕಂಡರೂ ಕೇಳುವವರ ಕಿವಿಗೆ ತೀರ್ಪಿನಂತೆ ಬೀಳುತ್ತವೆ.

4. ಸುರಕ್ಷೆಯನ್ನು ನೋಡು. ಇಂದು ರಾತ್ರಿ ಮನೆಗೆ ಹೋದರೆ ಅಪಾಯವಿದೆಯೇ? ಸಂಗಡ ಯಾರಿದ್ದಾರೆ? ನಾವು ಕೊಡುವ ಕಾಗದವನ್ನು ಮನೆಯಲ್ಲಿ ಯಾರಾದರೂ ನೋಡಿದರೆ ತೊಂದರೆಯಾದೀತೇ?

5. ನೆರವಿಗೆ ಕೂಡಿಸು. "ಅಲ್ಲಿಗೆ ಹೋಗು" ಎಂದು ಬೆರಳು ತೋರಿಸಿದರೆ ಕೂಡಿಸಿದಂತಾಗಲಿಲ್ಲ. ಹೆಸರು, ಜಾಗ, ಹೊತ್ತು ಬರೆದುಕೊಟ್ಟು, ಸಾಧ್ಯವಿದ್ದರೆ ಜತೆಗೆ ಹೋಗಬೇಕು.

ಇವುಗಳ ಜತೆಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹೆಂಗಸೊಬ್ಬಳಿಗೆ ಮನೆಯ ದೌರ್ಜನ್ಯದ ಬಗ್ಗೆ ಕೇಳುವುದಿದ್ದರೆ ಆಕೆ ಒಬ್ಬಳೇ ಇರುವಾಗ ಮಾತ್ರ ಕೇಳಬೇಕು. ಗಂಡನಿರಲಿ ಅತ್ತೆಯಿರಲಿ, ಸಂಗಡ ಬಂದವರ ಎದುರಿಗೆ ಕೇಳಿದರೆ ಅವಳ ಬಾಯಿ ಕಟ್ಟುತ್ತದೆ. ಹೇಳಿದರೆ ಮನೆಯಲ್ಲಿ ಅಪಾಯ ಹೆಚ್ಚುತ್ತದೆ.

ಕಾಯಿದೆಯೂ ಇದನ್ನೇ ಹೇಳುತ್ತದೆ

ನಮ್ಮ ನಾಸಿಕವು ದ್ರಾಕ್ಷಿಗೂ ಗೋದಾವರಿಗೂ ಮಾತ್ರ ಹೆಸರಾದ ಊರಲ್ಲ. ರಾಜ್ಯದ ಸೇವಕರನ್ನು ತಯಾರಿಸುವ ಎರಡು ದೊಡ್ಡ ಶಾಲೆಗಳು ಇಲ್ಲಿವೆ. 1998ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಚೇರಿ ಇಲ್ಲಿಯೇ ಇದೆ. ಸಂಭಾಜಿನಗರದ ಘಾಟಿಯ ಹುಡುಗರೂ ಇದರ ಪರೀಕ್ಷೆಗೇ ಕೂಡ್ರುತ್ತಾರೆ. ಮಹಾರಾಷ್ಟ್ರ ಪೋಲೀಸ ಅಕಾಡೆಮಿಯೂ ಇಲ್ಲಿದೆ. ರಾಜ್ಯದ ಠಾಣೆಗಳಿಗೆ ಹೋಗುವ ಫೌಜದಾರರು ಇಲ್ಲಿಯೇ ಕವಾಯತು ಮಾಡಿ ಕಾಯಿದೆ ಕಲಿಯುತ್ತಾರೆ. ವೈದ್ಯರ ಪಾಠದ ಮಟ್ಟಿಗೆ ಸೆಹತ್ ಸಂಸ್ಥೆಯು ರಾಜ್ಯದ ವೈದ್ಯಕೀಯ ಶಿಕ್ಷಣ ಇಲಾಖೆ ಹಾಗೂ ಈ ವಿಶ್ವವಿದ್ಯಾಲಯದೊಂದಿಗೆ ಕೂಡಿ, ಎಂ.ಬಿ.ಬಿ.ಎಸ್. ಓದಿನ ಐದು ವಿಷಯಗಳಲ್ಲಿ ಹೆಣ್ಣು ಗಂಡಿನ ಸ್ಥಿತಿಗತಿಗಳ ಅರಿವನ್ನು ಬೆರೆಸುವ ಪಾಠಗಳನ್ನು ಸಿದ್ಧಪಡಿಸಿದೆ.

ಪೋಲೀಸರ ಮಟ್ಟಿಗೆ 2012ರ ಪೋಕ್ಸೋ ಕಾಯಿದೆಯನ್ನು ನೋಡಿರಿ. ಲೈಂಗಿಕ ಪೀಡೆಗೆ ಗುರಿಯಾದ ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು. ಸಾಧ್ಯವಾದ ಮಟ್ಟಿಗೆ ಫೌಜದಾರಳಿಗಿಂತ ಕೆಳಗಿನ ದರ್ಜೆಯಲ್ಲದ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಆಗ ಪೋಲೀಸ ಸಮವಸ್ತ್ರ ಇರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ನ್ಯಾಯಾಲಯದಲ್ಲಿ ಮಗುವಿಗೆ ನಡುನಡುವೆ ವಿಶ್ರಾಂತಿ ಕೊಡಬೇಕು. ಸಾಕ್ಷಿಗೆಂದು ಮತ್ತೆ ಮತ್ತೆ ಕರೆಯಬಾರದು. ಸಮವಸ್ತ್ರ ಕಂಡರೆ ಗಂಟೆ ಬಾರಿಸೀತೆಂಬುದನ್ನು ಕಾಯಿದೆ ಬರೆದವರು ಅರಿತಿದ್ದರು.

ದವಾಖಾನೆಗಳ ಮಟ್ಟಿಗೆ 2014ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಚಿಕಿತ್ಸೆ ಹಾಗೂ ಪರೀಕ್ಷೆಯ ಕ್ರಮವನ್ನು ಗೊತ್ತುಪಡಿಸಿತು. ಅವಮಾನಕರವಾದ 'ಎರಡು ಬೆರಳಿನ ಪರೀಕ್ಷೆ' ಮಾಡಕೂಡದೆಂದು ಅದರಲ್ಲಿ ಸ್ಪಷ್ಟವಾಗಿದೆ. 2022ರ ಅಕ್ಟೋಬರ 31ರಂದು ಸುಪ್ರೀಂ ಕೋರ್ಟು, ಅಂಥ ಪರೀಕ್ಷೆ ಮಾಡಿದವರು ದುರ್ವರ್ತನೆಯ ದೋಷಿಗಳೆಂದು ಹೇಳಿತು. ಇಂಥವರಿಗೆ ಸರಕಾರಿಯಾಗಲಿ ಖಾಸಗಿಯಾಗಲಿ ಯಾವ ದವಾಖಾನೆಯೂ ಪುಕ್ಕಟೆಯಾಗಿ ಪ್ರಥಮ ಚಿಕಿತ್ಸೆ ಕೊಡಲೇಬೇಕೆಂಬುದು ಈಗ ಕಾಯಿದೆ.

ಇಲ್ಲಿ ಒಂದು ಎಚ್ಚರಿಕೆ. ಮಗುವೊಂದು ಇಂಥ ಸಂಗತಿ ಹೇಳಲು ಬಂದಾಗ, "ಯಾರಿಗೂ ಹೇಳುವುದಿಲ್ಲ" ಎಂದು ಆಣೆ ಮಾಡಬೇಡಿರಿ. ತಿಳಿದವರು ಪೋಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೋ ಕಾಯಿದೆ ವಿಧಿಸಿದೆ, ತಿಳಿಸದಿದ್ದರೆ ಶಿಕ್ಷೆಯಿದೆ. "ನಿನಗ ಸಹಾಯ ಮಾಡಬೇಕಾದರ ಒಬ್ಬಿಬ್ಬರಿಗೆ ಹೇಳಬೇಕಾಗತದ, ಯಾರಿಗೆ ಅಂತ ನಿನಗ ಹೇಳೇ ಹೇಳತೇನಿ" ಎಂದು ಮೊದಲೇ ತಿಳಿಸುವುದು ಸರಿ. ಒಮ್ಮೆ ನಂಬಿಕೆ ಮುರಿಸಿಕೊಂಡ ಮಗುವಿಗೆ ಮತ್ತೊಮ್ಮೆ ಮುರಿಯಬಾರದು.

ಭಾಷೆಯ ಮಾತು

ಹೊರನಾಡಿನಲ್ಲಿರುವ ನಮಗೆ ಸಂಬಂಧಿಸಿದ ವಿಶೇಷ ವಿಷಯವಿದು. ಕಾಯಿಪಲ್ಯೆಯ ಬೆಲೆಯನ್ನು ಮರಾಠಿಯಲ್ಲಿ ಚೌಕಾಶಿ ಮಾಡುವ ಹೆಣ್ಣುಮಗಳು ಸಂಕಟವನ್ನು ಮರಾಠಿಯಲ್ಲಿ ಹೇಳಲಾರಳು. ದುಃಖ ತಾಯಿನುಡಿಯಲ್ಲಿಯೇ ಬರುತ್ತದೆ. "ಎದಿ ಒಡದಂಗ ಆಗೇದ" ಎಂದು ಆಕೆ ಹೇಳಿದ್ದನ್ನು ಜತೆಗೆ ಬಂದವನು "ಎದೆ ನೋವಂತೆ" ಎಂದು ತಿರುಗಿಸಿದರೆ, ವೈದ್ಯರು ಎದೆಯ ಪಟ್ಟಿ ತೆಗೆಯಿಸುತ್ತಾರೆ. ಪಟ್ಟಿ ಸರಿಯಿದ್ದರೆ ಗುಳಿಗೆ ಕೊಟ್ಟು ಕಳಿಸುತ್ತಾರೆ. ಎದೆಯ ಪರೀಕ್ಷೆಯೂ ಆಗಲಿ; ಆದರೆ ಮಾತು ಪೂರ್ತಿಯಾಗಿ ಅವರಿಗೆ ತಲುಪಲಿ. ಹೊಡೆದ ಗಂಡನೇ ದುಭಾಷಿಯಾಗಿ ನಿಂತರೆ, "ಮೆಟ್ಟಲದ ಮ್ಯಾಲಿಂದ ಬಿದ್ದಾಳ್ರೀ" ಎಂಬ ಮಾತಷ್ಟೇ ಕಾಗದಕ್ಕೆ ಏರುತ್ತದೆ.

ಆದುದರಿಂದ ದುಭಾಷಿಯಾಗಿ ಹೋಗುವ ಸ್ವಯಂಸೇವಕರಿಗೆ ನಾವು ನಾಲ್ಕು ನಿಯಮ ಮಾಡಿಕೊಂಡಿದ್ದೇವೆ. ಹೆಂಗಸರ ಜತೆಗೆ ಹೆಂಗಸರೇ ಹೋಗಬೇಕು. ಹೇಳಿದ್ದನ್ನು ಹೇಳಿದಂತೆಯೇ ತಿರುಗಿಸಬೇಕು, ಸೇರಿಸಬಾರದು, ಬಿಡಬಾರದು. ರೋಗಿಯ ಪರವಾಗಿ ತಾವೇ ಉತ್ತರ ಕೊಡಬಾರದು. ಕೇಳಿದ ಮಾತು ದವಾಖಾನೆಯ ಬಾಗಿಲಲ್ಲಿಯೇ ಉಳಿಯಬೇಕು. ವಾಚನಾಲಯದ ಕಟ್ಟೆಗೆ ಬರಬಾರದು.

ಸೇವಕರೂ ಮನುಷ್ಯರು

2021ರ ಏಪ್ರಿಲ 21ರಂದು ನಾಸಿಕದ ನಗರಪಾಲಿಕೆಯ ಡಾ. ಝಾಕೀರ ಹುಸೇನ ದವಾಖಾನೆಯಲ್ಲಿ ಆಮ್ಲಜನಕದ ಟಾಕಿ ಸೋರಿ, ಆ ದಿನವೇ 22 ಜನ ರೋಗಿಗಳು ತೀರಿಕೊಂಡದ್ದನ್ನು ಈ ಊರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಓಡುವವರು ದಾದಿಯರು, ವಾರ್ಡಬಾಯ್‌ಗಳು. ಮರುದಿನ ಅವರೇ ಮತ್ತೆ ಪಾಳಿಗೆ ಬರಬೇಕು. ಬೇರೆಯವರ ಸಂಕಟವನ್ನು ದಿನವೂ ನೋಡುವವರಿಗೆ ಅದರ ಬಿಸಿ ತಾಗದಿರುವುದಿಲ್ಲ. ಕೆಲವರು ಒರಟಾಗುತ್ತಾರೆ, ಕೆಲವರು ಕಲ್ಲಾಗುತ್ತಾರೆ, ಕೆಲವರು ಮನೆಯಲ್ಲಿ ಸಿಡಿಯುತ್ತಾರೆ. ಕಿಟಕಿಯಲ್ಲಿ ಸಿಡುಕುವ ಕಾರಕೂನನಿಗೂ ಏನಾದರೂ ನಡೆದಿರಬಹುದು. ಸೇವಕರಿಗೆ ಪಾಳಿಯ ನಡುವೆ ಬಿಡುವು, ಮಾತನಾಡಲು ಒಬ್ಬ ಹಿರಿಯರು, ತಪ್ಪಿದಾಗ ತಿದ್ದಿಕೊಳ್ಳುವ ಅವಕಾಶ, ಇವನ್ನು ಕೊಡದೆ ಮೃದುವಾಗಿರಿ ಎಂದರೆ ಅದು ಬರಿಯ ಮಾತು.

ನಾವು ಮಾಡಿಕೊಂಡ ಬದಲಾವಣೆ

ನಮ್ಮ ವಾಚನಾಲಯದಲ್ಲಿ ನಾವು ಮಾಡಿದ್ದು ಬಹಳವಿಲ್ಲ. ಪುಸ್ತಕದ ಕಪಾಟನ್ನು ಅಡ್ಡ ತಿರುಗಿಸಿ ಅದರ ಹಿಂದೆ ಒಂದು ಬೆಂಚು ಹಾಕಿದೆವು. ಬಾಗಿಲು ಕಾಣುವಂತೆ ಬಂದವರನ್ನು ಕೂಡ್ರಿಸುತ್ತೇವೆ. ಎದ್ದು ಹೋಗುವ ದಾರಿ ಕಂಡರೆ ಮನಸ್ಸಿಗೆ ಧೈರ್ಯವಿರುತ್ತದೆ. ಒಬ್ಬರೇ ಕೇಳುತ್ತೇವೆ, ಒಂದೇ ಸಲ ಬರೆಯುತ್ತೇವೆ. ಕೇಳುವ ಮೊದಲು, ಯಾಕೆ ಕೇಳುತ್ತೇವೆ, ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹೇಳುತ್ತೇವೆ. "ಬ್ಯಾಡ ಅನಿಸಿದ್ದು ಹೇಳಬ್ಯಾಡ್ರಿ" ಎನ್ನುತ್ತೇವೆ. ಅರ್ಜಿಗೆ ಬೇಕಾದದ್ದಕ್ಕಿಂತ ಒಂದು ಪ್ರಶ್ನೆಯನ್ನೂ ಹೆಚ್ಚು ಕೇಳುವುದಿಲ್ಲ.

ಇದಾದ ಮೇಲೆ, ಮಗನನ್ನು ಕಳೆದುಕೊಂಡ ಒಬ್ಬ ಮುದುಕರು ಬಂದಿದ್ದರು. ಅರ್ಧ ತಾಸು ಸುಮ್ಮನೆ ಕುಳಿತರು. ಚಹ ಬಂತು, ಕುಡಿದರು. ನಂತರ ಮೂರೇ ಮಾತು ಹೇಳಿದರು. ಅರ್ಜಿಗೆ ಅಷ್ಟೇ ಸಾಕಾಯಿತು. ಮುಂದಿನ ರವಿವಾರ ರಸೀದಿ ತೋರಿಸಲು ತಾವಾಗಿಯೇ ಬಂದರು.

ಯಾದಗಿರಿಯ ಆ ತಾಯಿಯ ಅರೆ ಬರೆದ ಅರ್ಜಿ ಇನ್ನೂ ನಮ್ಮ ಕಪಾಟಿನಲ್ಲಿದೆ. ಹೊಸ ಸ್ವಯಂಸೇವಕರು ಬಂದಾಗ ಹೆಸರನ್ನು ಮುಚ್ಚಿ ಅದನ್ನು ಮುಂದಿಟ್ಟುಕೊಂಡೇ ಮೊದಲ ಪಾಠ ಹೇಳುತ್ತೇವೆ.

ನೆನಪಿಡಬೇಕಾದ ಸಂಖ್ಯೆಗಳು: ಮನಸ್ಸಿನ ಸಂಕಟಕ್ಕೆ 'ಟೆಲಿ ಮಾನಸ್' 14416. ಇದು 2022ರ ಅಕ್ಟೋಬರ 10ರಂದು ಆರಂಭವಾದ ಸರಕಾರದ ಪುಕ್ಕಟೆ ಸೇವೆ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಮಾತನಾಡಬಹುದು. ಮಕ್ಕಳಿಗೆ 1098, ಹೆಂಗಸರಿಗೆ 181, ತುರ್ತಿಗೆ 112.

ಅಭ್ಯಾಸಕ್ಕೆ

1. ನಿಮ್ಮ ಕಚೇರಿಯಲ್ಲಿ ಒಬ್ಬರು ತಮ್ಮ ಕಷ್ಟವನ್ನು ಎಷ್ಟು ಜನರ ಮುಂದೆ, ಎಷ್ಟು ಸಲ ಹೇಳಬೇಕಾಗುತ್ತದೆ? ಎಣಿಸಿ ಬರೆಯಿರಿ.

2. ನೀವು ತುಂಬಿಸುವ ಕಾಗದದ ಪ್ರಶ್ನೆಗಳಲ್ಲಿ ನಿಜವಾಗಿ ಬೇಕಾದವು ಯಾವುವು? ರೂಢಿಯಿಂದ ಕೇಳುವವು ಯಾವುವು?

3. ಇಬ್ಬರು ಕೂಡಿ ಕುಳಿತು, ಒಬ್ಬರು ಮಾತನಾಡಿರಿ, ಇನ್ನೊಬ್ಬರು ಐದು ಮಿನಿಟು ಏನನ್ನೂ ಕೇಳದೆ ಕಿವಿಗೊಡಿರಿ. ನಂತರ ಪಾಳಿ ಬದಲಿಸಿರಿ. ಐದು ಮಿನಿಟು ಎಷ್ಟು ಉದ್ದವೆಂಬುದು ಆಗ ತಿಳಿಯುತ್ತದೆ.